ಸುಂದರಬಾಯಿಯ ಮನೆ ಕಡೆ ತಿರುಗಿಸಿದ ದೀಪ

ಕೊಹಿನೂರ
18 ಆಗಸ್ಟ್ 2024

ಗುರು,

ಹುಮನಾಬಾದಿನಲ್ಲಿ ಕೂತು ಊರಿಗೆಲ್ಲ ದೀಪ ಮಾರುವ ನಿನಗೆ ಅಕ್ಕನ ಮನೆ ಕತ್ತಲೆಯಲ್ಲಿದೆ ಎಂಬುದು ಹೊಳೆಯಲಿಲ್ಲ ನೋಡು. ಕಳೆದ ಮಂಗಳವಾರ ರಾತ್ರಿ ಬಾವಿಯ ಮೋಟಾರಿನ ಕೇಬಲನ್ನು ಯಾರೋ ಕತ್ತರಿಸಿಕೊಂಡು ಹೋದರು. ಸ್ಟಾರ್ಟರ್ ಡಬ್ಬಿಯನ್ನೂ ಬಿಡಲಿಲ್ಲ. ಬೆಳಿಗ್ಗೆ ನಿನ್ನ ಭಾವ ನೀರು ಬಿಡಲು ಹೋದಾಗ ಗೋಡೆಯ ಮೇಲೆ ನಾಲ್ಕು ಮೊಳೆ ಮಾತ್ರ ಇದ್ದವು. ನಾನು ಕಿವುಡಿ, ಅವರು ಕುಂಭಕರ್ಣ. ಕಳ್ಳರಿಗೆ ಇದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಗಬೇಕು?

ಫೋನು ಮಾಡಿದ್ದೆಯಂತೆ. ಕಿವಿಯ ಮಶೀನಿಗೆ ಫೋನು ಹತ್ತಿರ ತಂದರೆ ಕೀ ಎಂದು ಸೀಟಿ ಹೊಡೆಯುತ್ತದೆ, ನಿನ್ನ ಮಾತು ಒಂದೂ ತಿಳಿಯುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ನಿನ್ನ ಭಾವ ಮೊದಲು ತಾವು ಓದಿ, ಕಟ್ಟೆಗೆ ಹೋಗಿ ನಾಲ್ಕು ಮಂದಿಗೆ ಓದಿ ಹೇಳಿ, ಆಮೇಲೆ ನನಗೆ ತೋರಿಸುತ್ತಾರೆ. ಮೂವತ್ತೊಂದು ವರ್ಷ ಮಕ್ಕಳಿಗೆ ಪತ್ರ ಬರೆಯಲು ಕಲಿಸಿದವಳು ನಾನು. ನೀನೂ ಕಾಗದದಲ್ಲೇ ಬರಿ.

ಕೇಳದವಳಿಗೆ ಕಾಣುವುದಾದರೂ ಕಾಣಲಿ. ನಮ್ಮ ಹಿಂದಿನ ಗೋಡೆಗೆ ಎರಡು ದೊಡ್ಡ ಎಲ್‌ಇಡಿ ದೀಪ ಹಾಕಿಸಿ ಕೊಡು. ರಾತ್ರಿಯಿಡೀ ಉರಿಯಬೇಕು. ಬೆಳಕು ಗೋಡೆಯಾಚೆಗಿನ ಹೊಲ ದಾಟಿ ಬೀಳಬೇಕು. ಯಾವುದು ಒಳ್ಳೆಯದು ಎಂದು ನೀನೇ ಆರಿಸು, ಆದರೆ ಸಣ್ಣದು ತರಬೇಡ.

ಮನೆಯಾಕೆ ಶೀತಲ್‌ಳಿಗೆ ನನ್ನ ನೆನಪು ಹೇಳು.

ನಿನ್ನ ಅಕ್ಕ,
ವಿಜಯಶ್ರೀ

~

ಹುಮನಾಬಾದ್
23 ಆಗಸ್ಟ್ 2024

ಅಕ್ಕಾ, ಶರಣಾರ್ಥಿ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬಂತಾಯಿತು. ಹೋಗಲಿ, ಮೈಮೇಲೆ ಬಂದದ್ದು ಕೇಬಲಿಗೆ ಹೋಯಿತು. ನಾನು ಅಂಗಡಿಯವನು, ದೊಡ್ಡದು ಮಾರಿದರೆ ನನಗೇ ಲಾಭ. ಆದರೂ ತಮ್ಮನಾಗಿ ಹೇಳುತ್ತೇನೆ ಕೇಳು.

ನೂರು ವ್ಯಾಟಿನ ಫ್ಲಡ್‌ಲೈಟು ಗೋದಾಮಿಗೆ, ಧಾನ್ಯದ ಮಾರುಕಟ್ಟೆಗೆ ಹಾಕುವಂಥದ್ದು. ನಿನ್ನ ಅಂಗಳದಲ್ಲಿ ವಿಮಾನ ಇಳಿಯುವುದಿದೆಯೇ? ಮನೆಗೆ ಇಪ್ಪತ್ತು, ಹೆಚ್ಚೆಂದರೆ ಮೂವತ್ತು ವ್ಯಾಟು ಸಾಕು. ಈಗ ಸೆನ್ಸರ್ ಇರುವುದು ಬಂದಿದೆ. ಮನುಷ್ಯ ಸುಳಿದರೆ ತಾನೇ ಹತ್ತುತ್ತದೆ, ಎರಡು ನಿಮಿಷಕ್ಕೆ ತಾನೇ ಆರುತ್ತದೆ. ಉರಿಯುತ್ತಲೇ ಇರುವ ದೀಪಕ್ಕೆ ಕಳ್ಳ ಹೊಂದಿಕೊಳ್ಳುತ್ತಾನೆ, ಫಕ್ಕನೆ ಹತ್ತುವ ದೀಪಕ್ಕೆ ಹೆದರುತ್ತಾನೆ. ಹತ್ತಡಿ ಎತ್ತರದಲ್ಲಿ ಕಟ್ಟಿ ಮುಖವನ್ನು ನೆಲಕ್ಕೆ ಬಾಗಿಸಬೇಕು. ಆಗ ಬೆಳಕು ನಮ್ಮ ಜಾಗದಲ್ಲೇ ಇರುತ್ತದೆ, ಮಂದಿಯ ಕಣ್ಣಿಗೆ ಚುಚ್ಚುವುದಿಲ್ಲ. ಮಳೆ ನೀರು ಒಳಗೆ ಹೋಗದಂಥ ಗಟ್ಟಿ ಡಬ್ಬಿಯದನ್ನೇ ತರುತ್ತೇನೆ. ವೈರು ಪೈಪಿನೊಳಗೆ ಹೋಗಬೇಕು, ಅರ್ಥಿಂಗ್ ಸರಿ ಇರಬೇಕು. ನಿಮ್ಮಲ್ಲಿ ಸಿಡಿಲು ಜಾಸ್ತಿ.

ಇನ್ನೊಂದು ಮಾತು. ಕೇಬಲ್ ಹೋದದ್ದು ಬಾವಿಯಿಂದ. ಬಾವಿ ಮನೆಯ ಮೂಡಣಕ್ಕಿದೆ. ಹಿಂದಿನ ಗೋಡೆ ಇರುವುದು ಪಡುವಣಕ್ಕೆ. ಆ ಕಡೆ ಸುಂದರಬಾಯಿಯ ಇಪ್ಪತ್ತು ಗುಂಟೆ ಹೊಲ, ಅದರಾಚೆ ಅವಳ ಮನೆ. ಅಲ್ಲಿಗೇಕೆ ದೀಪ?

ನಿನ್ನ ತಮ್ಮ,
ಗುರುನಾಥ

~

ಕೊಹಿನೂರ
1 ಸೆಪ್ಟೆಂಬರ್ 2024

ಗುರು,

ಪಾಠ ಮಾಡುವುದು ನನ್ನ ಕೆಲಸ, ನಿನ್ನದಲ್ಲ. ಸೆನ್ಸರ್ ಬೇಡ. ನಾಯಿ ಬಂದರೂ ಹತ್ತುತ್ತದೆ, ಬೆಕ್ಕು ಬಂದರೂ ಹತ್ತುತ್ತದೆ, ನನ್ನ ನಿದ್ದೆಯಷ್ಟೇ ಹೋಗುತ್ತದೆ. ನೂರು ವ್ಯಾಟಿನವೇ ಎರಡು ಬೇಕು. ಸಂಜೆ ತಾನೇ ಹತ್ತಿ ಬೆಳಗಾದರೆ ತಾನೇ ಆರುವಂಥದ್ದು ಇದೆಯಂತಲ್ಲ, ಅದನ್ನು ತಾ.

ಬಾವಿ ಎಲ್ಲಿದೆ ಎಂದು ನನಗೂ ಗೊತ್ತು. ಕಳ್ಳ ಬರುವ ದಾರಿ ಯಾವುದು ಎಂದೂ ಗೊತ್ತು. ಹಿಂದಿನ ಗೋಡೆಗೇ ಹಾಕು. ಹದಿನೈದಕ್ಕೆ ಭಾನುವಾರ ಬಾ, ಹೋಳಿಗೆ ಮಾಡುತ್ತೇನೆ.

ಅಕ್ಕ

~

ಕೊಹಿನೂರ
30 ಸೆಪ್ಟೆಂಬರ್ 2024

ಗುರು,

ನೀನು ದೀಪ ಹಾಕಿ ಹೋಗಿ ಹದಿನೈದು ದಿನ ಆಯಿತು. ಹೊಲವೆಲ್ಲ ಹಗಲಾದಂತಾಗಿದೆ. ಕಿಟಕಿಯಲ್ಲಿ ನಿಂತರೆ ಸುಂದರಬಾಯಿಯ ಬಾಗಿಲ ಮುಂದೆ ಒಣಹಾಕಿದ ಸೀರೆಯ ಅಂಚು ಕೂಡ ಕಾಣುತ್ತದೆ. ನಿನ್ನ ಭಾವ ಮಾತ್ರ ಮುಖದ ಮೇಲೆ ಟವೆಲ್ಲು ಹಾಕಿಕೊಂಡು ಮಲಗುತ್ತಾರೆ. ಗಲಾಟೆಗೆ ಏಳದವರಿಗೆ ಬೆಳಕಿಗೆ ಎಚ್ಚರವಾಗುತ್ತದಂತೆ.

ಮೊನ್ನೆ ಸುಂದರಬಾಯಿ ಬಂದಿದ್ದಳು. ಇಪ್ಪತ್ತು ವರ್ಷದಿಂದ ನಮ್ಮ ಹೊಲಕ್ಕೆ ಕಳೆ ಕೀಳಲು ಬರುವವಳು, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತಿದ್ದಳು. ದೀಪದ ಜಗಳಕ್ಕೇ ಬಂದಳು ಎಂದುಕೊಂಡೆ. ಅವಳು ಸೆರಗಿನಿಂದ ನಾಲ್ಕು ಸೌತೆಕಾಯಿ ತೆಗೆದು ಇಟ್ಟಳು. ಕಿವಿಯ ಹತ್ತಿರ ಬಂದು, "ಅಕ್ಕೋರೆ, ನಮ್ಮ ಅಂಗಳಕ್ಕೂ ಬೆಳಕ ಬೀಳಂಗ ದೀಪ ಹಾಕ್ಸೀರಿ. ಅಜೀತ ಪಾಳಿ ಮುಗಿಸಿ ಅವೇಳ್ಯಾಗ ಬರ್ತಾನ, ಹಾವಿನ ಹೆದರಿಕಿ ಇತ್ತು. ಈಗ ಫಿಕೀರ್ ಇಲ್ಲ. ನಿಮಗ ಪುಣ್ಯ ಬರ್ತದ ನೋಡ್ರಿ" ಎಂದಳು.

ಸೌತೆಕಾಯಿ ಎಳೆಯವಿವೆ ಎಂದೆ.

ಅಜೀತ ಅವಳ ಮಗ, ನೋಡಿದ್ದೀಯ. ಹುಮನಾಬಾದಿನ ಔಷಧಿ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತಾನೆ.

ಅಕ್ಕ

~

ಹುಮನಾಬಾದ್
27 ಅಕ್ಟೋಬರ್ 2024

ಅಕ್ಕಾ,

ದೀಪಾವಳಿ ಮುಂದಿದೆ, ಅಂಗಡಿಯಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಬಣ್ಣದ ಸರಗಳನ್ನು ಕಟ್ಟುವುದೂ ಬಿಚ್ಚುವುದೂ ಆಗಿದೆ. ನಿಮ್ಮಲ್ಲಿ ದೀಪ ನೋಡಿದ ಮೇಲೆ ಆ ಕಡೆಯ ಹನ್ನೊಂದು ಮನೆಯವರು ಅಂಥವೇ ಬೇಕೆಂದು ಒಯ್ದರು.

ಒಂದು ಸಣ್ಣ ಮಾತು. ಆ ಎರಡು ದೀಪಗಳ ಮುಖವನ್ನು ಪೂರ್ತಿ ಕೆಳಕ್ಕೆ ಬಾಗಿಸಿಬಿಡು. ಏಣಿ ಹಾಕಿ ಎರಡು ಬೋಲ್ಟು ಸಡಿಲ ಮಾಡಿದರೆ ಆಯಿತು, ಭಾವನಿಗೂ ಆಗುತ್ತದೆ. ಚಳಿಗಾಲದಲ್ಲಿ ಹುಳ ಬಹಳ ಬಂದು ಗಾಜಿಗೆ ಮುತ್ತುತ್ತವೆ, ದೀಪದ ಆಯುಷ್ಯ ಕಡಿಮೆಯಾಗುತ್ತದೆ. ಇಲ್ಲವೇ ರಾತ್ರಿ ಆರಿಸಿಯೇ ಇಟ್ಟರೂ ನಡೆಯುತ್ತದೆ. ಎಷ್ಟು ಜಲ್ದಿ ಮಾಡಿದರೆ ಅಷ್ಟು ಒಳ್ಳೆಯದು.

ಮರೆಯಬೇಡ.

ಗುರುನಾಥ

~

ಕೊಹಿನೂರ
6 ನವೆಂಬರ್ 2024

ಗುರು,

ಹುಳಕ್ಕೆ ಹೆದರಿ ದೀಪ ಬಾಗಿಸಬೇಕೇ? ದೀಪ ಹಾಳಾದರೆ ಅಂಗಡಿಯವನು ತಮ್ಮನೇ ಇದ್ದಾನೆ, ಇನ್ನೊಂದು ತರುತ್ತಾನೆ. ನಾನು ಅದನ್ನು ಯಾವ ಕಡೆಗೆ ತಿರುಗಿಸಿದ್ದೇನೋ ಆ ಕಡೆಗೇ ಇರಲಿ. ಅದಕ್ಕೆ ಕಾರಣವಿದೆ. ಎಲ್ಲವನ್ನೂ ಕಾಗದದಲ್ಲಿ ಬರೆಯಲು ಬರುವುದಿಲ್ಲ.

ನಮ್ಮ ಮೂಡಣ ಹೊಲದ ತೊಗರಿ ಈ ಸಲ ಹಳದಿ ಹೂವಿನಿಂದ ತೂಗುತ್ತಿದೆ. ಪಾಪ, ಸುಂದರಬಾಯಿಯದು ಮಾತ್ರ ಆಳುದ್ದ ಬೆಳೆದು ಹಸಿರಾಗಿ ನಿಂತಿದೆ, ಹೂವಿನ ಸುಳಿವೇ ಇಲ್ಲ. ಔಷಧ ಹೊಡೆದಳು, ಗೊಬ್ಬರ ಹಾಕಿದಳು. ಪ್ರತಿ ವರ್ಷ ಮುಂಗಾರಿಗೆ ಮೊದಲು ಅವಳ ಅಣ್ಣ ನರಸಿಂಗ ದುಬಲಗುಂಡಿಯಿಂದ ಬೀಜ ತಂದು ಕೊಡುತ್ತಾನೆ. ತವರಿನ ಬೀಜ ಬಿದ್ದರೇ ಹೊಲ ಒಲಿಯುತ್ತದೆ ಎಂದು ಅವಳ ನಂಬಿಕೆ. ಈ ಸಲ ಆ ಬೀಜವೇ ಕೈಕೊಟ್ಟಿತು ಎನ್ನುತ್ತಾಳೆ. "ಮಗಳ ಮದುವಿ ಅದಂತ ಛಲೋ ಬೀಜ ಮಾರ್ಕೊಂಡು ನನಗ ಕಸಾ ಕೊಟ್ಟಾನ ಅಕ್ಕೋರೆ. ಒಡಹುಟ್ಟಿದವ ಹಿಂಗ ಮಾಡಿದ್ರ ಯಾರಿಗಿ ಹೇಳ್ಲಿ?" ಎಂದು ಅತ್ತಳು.

ನನಗೂ ಹೌದೆನಿಸಿತು. ಬೀಜ ಕೆಟ್ಟದ್ದೇ ಇರಬೇಕು ಎಂದೆ.

ಅಕ್ಕ

~

ಹುಮನಾಬಾದ್
28 ನವೆಂಬರ್ 2024

ಅಕ್ಕಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ, ಆಗಲಿಲ್ಲ.

ನಿನ್ನೆ ನರಸಿಂಗ ಅಂಗಡಿಗೆ ಬಂದಿದ್ದ. ಇಲ್ಲಿಯ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಾನೆ, ನನಗೆ ಹಳೆಯ ಪರಿಚಯ. ಮಗಳು ಆಮ್ರಪಾಲಿಯ ಮದುವೆ ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ ದುಬಲಗುಂಡಿಯಲ್ಲಿ ಇದೆಯಂತೆ, ಚಪ್ಪರಕ್ಕೆ ದೀಪ ಕೇಳಿದ. ದೀಪ ತೋರಿಸುತ್ತಿದ್ದಂತೆ ಅಲ್ಲೇ ಸ್ಟೂಲಿನ ಮೇಲೆ ಕೂತು ಅಳತೊಡಗಿದ. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನೋಡಿ ಗಿರಾಕಿಗಳು ಹೊರಗೆ ಹೋದರು.

ಹೋದ ಭಾನುವಾರ ನಿಶ್ಚಯವಾಯಿತಂತೆ. ಗಂಡಿನ ಕಡೆಯವರೆಲ್ಲ ಕೂತಿರುವಾಗ ಸುಂದರಬಾಯಿ ಎದ್ದು, ಅಣ್ಣ ತನಗೆ ಕೆಟ್ಟ ಬೀಜ ಕೊಟ್ಟು ಮೋಸ ಮಾಡಿದ ಎಂದಳಂತೆ. ನರಸಿಂಗನ ಮಾತನ್ನೇ ಬರೆಯುತ್ತೇನೆ: "ನನ್ನ ಹೊಲದಾಗ ಅದೇ ಬೀಜ ಕಾಯಿ ಕಟ್ಟಿ ಜೋಲಾಡಾಕತ್ತದರಿ ಗುರುನಾಥಣ್ಣ. ಒಂದೇ ಗಡಿಗ್ಯಾಗಿಂದ ಅರ್ಧ ನನಗ, ಅರ್ಧ ಅಕಿಗಿ. ಬೀಗರ ಮುಂದ ತಂಗಿ ನನ್ನ ಕಳ್ಳ ಅಂದ್ಳು. ಮದುವಿಗಿ ಬರಲ್ಲ ಅಂದು ಎದ್ದು ಹ್ವಾದ್ಳು. ಸ್ವಾದರತ್ತಿ ಇಲ್ಲದ ಮದುವ್ಯಾಗ ನನ್ನ ಮಗಳು ಯಾರ ಮಾರಿ ನೋಡಬೇಕು?"

ಅವನಿಗೆ ಚಹಾ ತರಿಸಿದೆ. ದೀಪಗಳನ್ನು ಹಾಗೆಯೇ ಒಯ್ಯಿ, ಮದುವೆ ಮುಗಿದ ಮೇಲೆ ತಂದುಕೊಡು ಎಂದೆ. ಅವನು ಕೈಮುಗಿದ. ನನಗೆ ಅವನ ಮುಖ ನೋಡಲಾಗಲಿಲ್ಲ.

ಅಕ್ಕಾ, ದೀಪ ಬಾಗಿಸಿದೆಯೇ?

ಗುರುನಾಥ

~

ಕೊಹಿನೂರ
4 ಡಿಸೆಂಬರ್ 2024

ಗುರು,

ಊರಿಗೆ ಬೆಂಕಿ ಬಿದ್ದರೂ ನಿನಗೆ ನಿನ್ನ ದೀಪದ ಚಿಂತೆ. ಬಾಗಿಸಿಲ್ಲ. ಯಾಕೆ ಎಂದು ಇವತ್ತು ಹೇಳುತ್ತೇನೆ. ಇನ್ನು ಮುಚ್ಚಿಟ್ಟರೆ ನನಗೆ ಅನ್ನ ಇಳಿಯುವುದಿಲ್ಲ.

ಕೇಬಲ್ ಕಳ್ಳರು ಸಿಕ್ಕರು. ಎಲ್ಲಿಯವರೋ ಮೂವರು, ಕೇಬಲ್ ಸುಟ್ಟು ತಾಮ್ರ ತೆಗೆದು ಗುಜರಿಗೆ ಹಾಕುವವರು. ಸೋಮವಾರ ಪೊಲೀಸರು ಕರೆಸಿದ್ದರು. ಸಿಕ್ಕ ಮಾಲಿನ ರಾಶಿಯಲ್ಲಿ ನಮ್ಮ ಸ್ಟಾರ್ಟರ್ ಡಬ್ಬಿಯೂ ಇತ್ತು. ಅದರ ಮೇಲೆ ನಿನ್ನ ಭಾವ ಹಸಿರು ಬಣ್ಣದಲ್ಲಿ ಬರೆದ ಹೆಸರು ಹಾಗೆಯೇ ಇತ್ತು. ಅವರು ಡಬ್ಬಿ ಸಿಕ್ಕಿತೆಂದು ಖುಷಿಪಟ್ಟರು. ನಾನು ಠಾಣೆಯ ಬೆಂಚಿನ ಮೇಲೆ ಕೂತುಬಿಟ್ಟೆ.

ಯಾಕೆಂದರೆ ಆಗಸ್ಟಿನಿಂದ ನಾನು ಕಳ್ಳ ಎಂದುಕೊಂಡಿದ್ದು ಅಜೀತನನ್ನು. ಕೇಬಲ್ ಹೋದ ರಾತ್ರಿ ಎದ್ದಾಗ ಹೊಲದ ದಾರಿಯಲ್ಲಿ ಅವನ ಬ್ಯಾಟರಿ ಬೆಳಕು ಕಂಡಿತ್ತು. ಆಮೇಲೆ ಎಂಟು ದಿನಕ್ಕೆ ಹೊಸ ಮೋಟಾರ್‌ಸೈಕಲ್ ತಂದ. ಇಷ್ಟೇ ಸಾಕ್ಷಿ. ಅವನು ಪಾಳಿ ಮುಗಿಸಿ ದಿನವೂ ಅದೇ ಹೊತ್ತಿಗೆ ಬರುತ್ತಾನೆ ಎಂದು ನನಗೆ ಗೊತ್ತಿತ್ತು. ಆದರೂ ನಂಬಿದೆ. ಯಾರಿಗೂ ಹೇಳಲಿಲ್ಲ, ನಿನ್ನ ಭಾವನಿಗೂ ಇಲ್ಲ. ದೀಪವನ್ನು ಮಾತ್ರ ಅವನ ಬಾಗಿಲಿಗೆ ತಿರುಗಿಸಿದೆ. ಅವನು ಎಷ್ಟಕ್ಕೆ ಬಂದ, ಕೈಯಲ್ಲಿ ಏನಿತ್ತು ಎಂದು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಮೂರನೆಯ ಇಯತ್ತೆಯಲ್ಲಿ ನನ್ನ ಕೈ ಕೆಳಗೆ ಕಲಿತ ಹುಡುಗ ಗುರು, ನನ್ನ ಸೀಸದಕಡ್ಡಿ ಬಿದ್ದರೆ ಎತ್ತಿ ಕೊಡುತ್ತಿದ್ದವನು. ಬೇರೆ ಯಾರ ಮಗ ಆ ಹೊತ್ತಿಗೆ ಬಂದಿದ್ದರೂ ನಾನು ಹೀಗೆ ಅಂದುಕೊಳ್ಳುತ್ತಿದ್ದೆನೇ? ಕೇರಿಯ ಹುಡುಗನಲ್ಲದಿದ್ದರೆ? ಇಲ್ಲ. ಬಸವಣ್ಣನ ಊರಿನ ತಾಲೂಕಿನಲ್ಲಿ ಹುಟ್ಟಿ, ದಿನಾ ಲಿಂಗಪೂಜೆ ಮಾಡುವ ನಾನು ಹೀಗೆ.

ಅವರವ್ವ ಆ ದೀಪಕ್ಕೆ ನನಗೆ ಪುಣ್ಯ ಬರಲಿ ಎಂದಳು. ನಾನು ಸೌತೆಕಾಯಿ ತಿಂದೆ.

ಪುಣ್ಯಕ್ಕೆ ಇದರಿಂದ ಯಾರಿಗೂ ಏನೂ ನಷ್ಟವಾಗಿಲ್ಲ. ನನ್ನ ಮನಸ್ಸಿನಲ್ಲಿ ಹುಟ್ಟಿದ ಹೊಲಸು ನನ್ನ ಮನಸ್ಸಿನಲ್ಲೇ ಸತ್ತಿತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ. ಇವತ್ತೇ ದೀಪ ಬಾಗಿಸುತ್ತೇನೆ.

ಅಕ್ಕ

~

ಹುಮನಾಬಾದ್
9 ಡಿಸೆಂಬರ್ 2024

ಅಕ್ಕಾ,

ಯಾರಿಗೂ ನಷ್ಟವಾಗಿಲ್ಲ ಎಂದು ಬರೆದಿದ್ದೀಯ. ಆ ಸಾಲನ್ನು ಶೀತಲ್‌ಳಿಗೆ ಓದಿ ಹೇಳಿದೆ. ಅವಳು ಅಡುಗೆಮನೆಯಿಂದ ಹೊರಗೆ ಬಂದು, "ಇನ್ನರ ಖರೇ ಬರೀತೀರೋ, ಇಲ್ಲಾ ನಾನೇ ಕೊಹಿನೂರಕ್ಕ ಹೋಗಿ ಹೇಳ್ಲೋ?" ಎಂದಳು. ಬರೆಯುತ್ತಿದ್ದೇನೆ.

ಸುಂದರಬಾಯಿಯ ತೊಗರಿ ಹೂ ಬಿಡದೆ ಇದ್ದದ್ದು ನಮ್ಮ ದೀಪದಿಂದ.

ಅಕ್ಟೋಬರ್ ಮೂರನೆಯ ವಾರ ಬಕ್ಕಪ್ಪ ಎಂಬ ರೈತರು ಅಂಗಡಿಗೆ ಬಂದಿದ್ದರು. ಹೆದ್ದಾರಿಯ ಮಗ್ಗುಲಲ್ಲಿ ಅವರ ಹೊಲ. ರಸ್ತೆಯ ಕಂಬದ ದೀಪಕ್ಕೆ ಹೊಲದ ಕಡೆ ಮರೆಯಾಗುವಂತೆ ತಗಡಿನ ಕೊಡೆ ಮಾಡಿಕೊಡಿ ಎಂದರು. ಯಾಕೆ ಎಂದು ಕೇಳಿದೆ. "ತೊಗರಿಗಿ ರಾತ್ರಿ ಕತ್ತಲ ಬೇಕರಿ. ಹೊತ್ತು ಸಣ್ಣದಾಗಿ ರಾತ್ರಿ ಉದ್ದ ಆದ್ರನ ಅದಕ್ಕ ಹೂ ಬಿಡೋ ವ್ಯಾಳೆ ಬಂತು ಅಂತ ತಿಳೀತದ. ರಾತ್ರೆಲ್ಲಾ ದೀಪ ಉರದ್ರ ಅದು ಇನ್ನಾ ಹಗಲೇ ಅದ ಅಂತ ಬರೇ ಬೆಳಕೋತ ನಿಂದರ್ತದ. ಎರಡು ವರ್ಷ ಕಂಬದ ಬುಡಕ ಒಂದು ಕಾಳು ಕಂಡಿಲ್ಲ" ಎಂದರು. ಅವರ ಜೊತೆ ಹೋಗಿ ನೋಡಿ ಬಂದೆ. ಬೆಳಕು ಎಲ್ಲಿಯವರೆಗೆ ಬಿದ್ದಿತ್ತೋ ಅಲ್ಲಿಯವರೆಗೆ ಹಸಿರು, ಅದರಾಚೆ ಹಳದಿ. ಚಾಕುವಿನಿಂದ ಕೊಯ್ದಂತೆ ಗೆರೆ ಬಿದ್ದಿತ್ತು.

ಅಲ್ಲಿ ನಿಂತಾಗಲೇ ನನಗೆ ಸುಂದರಬಾಯಿಯ ಹೊಲ ಕಣ್ಣಿಗೆ ಕಟ್ಟಿತು. ದೀಪಾವಳಿಗೆ ಮೊದಲು ಆರಿಸಿದರೆ ತಡವಾಗಿಯಾದರೂ ಅರ್ಧ ಬೆಳೆ ಕೈಗೆ ಹತ್ತುತ್ತದೆ ಎಂದು ಬಕ್ಕಪ್ಪನವರು ಹೇಳಿದ್ದರು. ಅದಕ್ಕೇ ಇಪ್ಪತ್ತೇಳಕ್ಕೆ ನಿನಗೆ ಬರೆದೆ. ಖರೇ ಕಾರಣ ಬರೆಯಲಿಲ್ಲ, ಹುಳದ ಕತೆ ಕಟ್ಟಿದೆ. ಹನ್ನೊಂದು ಮನೆಗೆ ಅದೇ ದೀಪ ಮಾರಿದ್ದೆ. ಮಾತು ಹೊರಗೆ ಬಿದ್ದರೆ ಹನ್ನೊಂದೂ ಜನ ಅಂಗಡಿಯ ಮುಂದೆ ನಿಲ್ಲುತ್ತಾರೆ ಎಂದು ಹೆದರಿದೆ. ಅಕ್ಕ ಹೇಳಿದ ಮಾತು ಕೇಳುತ್ತಾಳೆ, ಕಾರಣ ಯಾಕೆ ಬೇಕು ಎಂದುಕೊಂಡೆ. ನೀನು ಎಂದಾದರೂ ನನ್ನ ಮಾತು ಕೇಳಿದ್ದೀಯಾ ಎಂದು ಯೋಚಿಸಲಿಲ್ಲ.

ನವೆಂಬರಿನಲ್ಲಿ ನಿನ್ನ ಉತ್ತರ ಬಂದಾಗಲೂ ಓಡಿ ಬಂದು ನಾನೇ ಆ ವೈರು ಕಿತ್ತು ಹಾಕಬಹುದಿತ್ತು. ಇಲ್ಲಿಂದ ಕೊಹಿನೂರಕ್ಕೆ ಬಸ್ಸಿಗೆ ಬರಗಾಲವೇ? ಬರಲಿಲ್ಲ. ನರಸಿಂಗ ಅಳುವಾಗಲೂ ಬಾಯಿ ಬಿಡಲಿಲ್ಲ. ಅವನು ನನಗೆ ಕೈಮುಗಿದ ಅಕ್ಕಾ. ದೀಪ ಪುಕ್ಕಟೆ ಕೊಟ್ಟೆನಲ್ಲ ಎಂದು ನನ್ನನ್ನು ದೊಡ್ಡವನು ಎಂದುಕೊಂಡ.

ಈಗ ಆ ಹನ್ನೊಂದು ಮನೆಗಳಿಗೂ ಹೋಗಿ ಹೇಳಿ, ದೀಪ ಬಾಗಿಸಿ, ತಗಡು ಹಾಕಿ ಬರುತ್ತಿದ್ದೇನೆ. ಸುಂದರಬಾಯಿಗೆ ನೀನು ಹೇಳುತ್ತೀಯೋ, ನಾನು ಬಂದು ಹೇಳಲೋ?

ಗುರುನಾಥ

~

ಕೊಹಿನೂರ
13 ಡಿಸೆಂಬರ್ 2024

ಗುರುನಾಥ,

ನಿನಗೆ ಅಕ್ಟೋಬರಿನಲ್ಲಿ ಗೊತ್ತಿತ್ತು.

ನಿನ್ನನ್ನು ಬೈದು ಎರಡು ಹಾಳೆ ಬರೆದೆ. ಓದಿ ನೋಡಿದರೆ ಪ್ರತಿ ಬೈಗುಳವೂ ನನಗೇ ಬರುವಂತಿತ್ತು. ಒಲೆಗೆ ಹಾಕಿದೆ. ನೀನು ಕಾರಣ ಮುಚ್ಚಿಟ್ಟೆ, ನಾನೂ ಮುಚ್ಚಿಟ್ಟೆ. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೂ ಆ ಬೆಳೆ ಉಳಿಯುತ್ತಿತ್ತು. ಅವಳು ಅಳುವಾಗ ಬೀಜವೇ ಕೆಟ್ಟದ್ದು ಎಂದು ಹೇಳಿದವಳು ನಾನು. ಆ ಮಾತು ಹಿಡಿದುಕೊಂಡೇ ಅವಳು ದುಬಲಗುಂಡಿಗೆ ಹೋದದ್ದು. "ಅಕ್ಕೋರೂ ಅದೇ ಅಂದ್ರು" ಎಂದು ಅಲ್ಲಿ ಹೇಳಿದಳೋ ಏನೋ.

ನೀನು ಬರಬೇಡ. ನಾನೇ ಹೇಳಬೇಕು. ಆದರೆ ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಹಿತ್ತಿಲ ಬಾಗಿಲವರೆಗೆ ಹೋಗಿ ತಿರುಗಿ ಬರುತ್ತಿದ್ದೇನೆ. ಬೆಳಕಿನಿಂದ ಬೆಳೆ ಹೋಯಿತು ಎನ್ನುವುದು ಕಷ್ಟವಲ್ಲ. ದೀಪ ಯಾಕೆ ನಮ್ಮ ಕಡೆ ತಿರುಗಿಸಿದಿರಿ ಎಂದು ಅವಳು ಕೇಳಿದರೆ?

ಮದುವೆಗೆ ಹದಿನಾರು ದಿನ ಇದೆ.

ವಿಜಯಶ್ರೀ

~

ಹುಮನಾಬಾದ್
18 ಡಿಸೆಂಬರ್ 2024

ಅಕ್ಕಾ,

ಇನ್ನು ಹನ್ನೊಂದು ದಿನ. ನರಸಿಂಗ ದಿನಾ ಅಂಗಡಿಯ ಮುಂದೆ ಹಾದು ಹೋಗುತ್ತಾನೆ. ನನ್ನಿಂದ ತಡೆಯಲಾಗುವುದಿಲ್ಲ. ಭಾನುವಾರದೊಳಗೆ ನೀನು ಹೇಳದಿದ್ದರೆ ನಾನೇ ಅವನಿಗೆ ಹೇಳುತ್ತೇನೆ.

ಗುರುನಾಥ

~

ಕೊಹಿನೂರ
3 ಜನವರಿ 2025

ಗುರು,

ಮದುವೆಗೆ ನೀನು ಬರುತ್ತೀ ಎಂದುಕೊಂಡಿದ್ದೆ. ನಿನ್ನ ದೀಪಗಳು ಬಂದಿದ್ದವು, ನೀನು ಬರಲಿಲ್ಲ. ನಾಚಿಕೆಯಾಯಿತೆಂದು ಗೊತ್ತು. ಅದಕ್ಕೇ ಎಲ್ಲವನ್ನೂ ಬರೆಯುತ್ತೇನೆ. ಓದಿ ಹರಿದು ಹಾಕು, ಯಾಕೆ ಎಂದು ಕೊನೆಗೆ ತಿಳಿಯುತ್ತದೆ.

ನಿನ್ನ ಕಾಗದ ಬಂದ ಮರುದಿನ, ಶನಿವಾರ ಬೆಳಿಗ್ಗೆ ಹೋದೆ. ಸುಂದರಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಜೀತ ಕೆಲಸಕ್ಕೆ ಹೋಗಿದ್ದ. ನಿಂತೇ ಹೇಳಿದೆ, ಕೂತರೆ ಧೈರ್ಯ ಹೋಗುತ್ತದೆಂದು. ತೊಗರಿಗೆ ಕತ್ತಲೆ ಬೇಕು, ನನ್ನ ದೀಪ ಅದನ್ನು ಕೊಡಲಿಲ್ಲ, ನಿನ್ನ ಅಣ್ಣನ ತಪ್ಪಿಲ್ಲ ಎಂದೆ.

ಬೆಳೆಯ ಬಗ್ಗೆ ಅವಳು ಒಂದು ಮಾತೂ ಕೇಳಲಿಲ್ಲ. "ಅಂದ್ರ ಅಣ್ಣನ ಬೀಜ ಛಲೋನೇ ಇತ್ತು?" ಎಂದಳು. ಹೌದು ಎಂದೆ. ಮೊರ ಕೆಳಗಿಟ್ಟು ಅಂಗೈಯಿಂದ ತನ್ನ ಬಾಯಿಗೆ ಹೊಡೆದುಕೊಂಡಳು. "ನನ್ನ ಬಾಯಿಗಿ ಹುಳಾ ಬೀಳ್ಲಿ. ಬೀಗರ ಮುಂದ ಕಳ್ಳ ಅಂದೆ ಅವಗ" ಎಂದು ಗೋಳೋ ಎಂದು ಅತ್ತಳು. ನಾನು ಕೈ ಹಿಡಿದುಕೊಂಡೆ.

ಆಮೇಲೆ ಕಣ್ಣೊರೆಸಿಕೊಂಡು ನಮ್ಮ ಗೋಡೆಯ ಕಡೆ ನೋಡಿ ಕೇಳಿದಳು: "ಬಾವಿ ಆ ಕಡಿ ಅದ. ದೀಪ ನಮ್ಮ ಕಡಿ ಯಾಕ ತಿರುಗಿಸಿದ್ರಿ ಅಕ್ಕೋರೆ?"

ನಿನ್ನ ಸಲುವಾಗಿ, ಹಾವಿನ ಸಲುವಾಗಿ ಎನ್ನಬಹುದಿತ್ತು. ಆ ಸುಳ್ಳನ್ನು ಅವಳೇ ಮೂರು ತಿಂಗಳ ಹಿಂದೆ ನನ್ನ ಕೈಗೆ ಕೊಟ್ಟಿದ್ದಳು. ಹೇಳಲಿಲ್ಲ. ಅಜೀತನನ್ನು ಕಳ್ಳ ಎಂದುಕೊಂಡಿದ್ದೆ ಎಂದು ಹೇಳಿಬಿಟ್ಟೆ.

ಅವಳ ಕೈ ನನ್ನ ಕೈಯಿಂದ ಜಾರಿತು. ಸಿಟ್ಟಿನಿಂದ ಎಳೆದುಕೊಳ್ಳಲಿಲ್ಲ, ಸುಮ್ಮನೆ ತೆಗೆದುಕೊಂಡಳು. ಬಹಳ ಹೊತ್ತು ಜೋಳದಲ್ಲಿ ಹರಳು ಆರಿಸಿದಳು. ನನ್ನ ಕಿವಿಯ ಮಶೀನು ಕೆಟ್ಟಿತೇನೋ ಎಂದು ಮುಟ್ಟಿ ನೋಡಿಕೊಂಡೆ.

"ನೀವು ನಮ್ಮ ಸಲುವಾಗಿ ದೀಪ ಹಚ್ಚೀರಿ ಅಂತ ನಾ ಊರೆಲ್ಲಾ ಹೇಳಿದೆ" ಎಂದಳು ಕೊನೆಗೆ.

ಕಾಲಿಗೆ ಬೀಳಲು ಬಗ್ಗಿದೆ. ಹಿಂದೆ ಸರಿದಳು. ಮದುವೆಗೆ ಬಂದು ಎಲ್ಲರ ಮುಂದೆ ಹೇಳುತ್ತೇನೆ, ಅಜೀತನ ಕ್ಷಮೆಯನ್ನೂ ಅಲ್ಲೇ ಕೇಳುತ್ತೇನೆ ಎಂದೆ. ಅದಕ್ಕೆ ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ: "ದೀಪದ್ದು ಹೇಳ್ರಿ. ನಮ್ಮ ಅಣ್ಣನ ಹೆಸರು ಎಲ್ಲಿ ಕೆಟ್ಟದ ಅಲ್ಲೇ ಛಲೋ ಆಗಬೇಕು. ಅಜೀತನ ಮಾತು ಎತ್ತಬ್ಯಾಡ್ರಿ. ಅಂವಗ ಇದು ಎಂದೂ ತಿಳೀಬಾರದು. ಹೇಳಿದ್ರ ನೀವು ಹಗುರ ಆಗ್ತೀರಿ, ಅಂವ ಸಾಯೋತನಕ ಹೊರ್ತಾನ. ನೀವು ಅಂದ್ರ ಅಂವಗ ಜೀವ. ಮೊದಲಿನಂಗ ನಿಮ್ಮ ಮನಿಗಿ ಬರ್ತಾನ. ನೀವು ಅವನ ಮಾರಿ ನೋಡಿ ಮಾತಾಡ್ರಿ. ನಾ ನೋಡ್ತಿರ್ತೀನಿ."

ನಮ್ಮ ತೊಗರಿ ರಾಶಿಯಾದ ಮೇಲೆ ಅವಳ ಪಾಲಿನದನ್ನು ಅಳೆದು ಕೊಡುತ್ತೇನೆ ಎಂದೆ. ಕೊಡ್ರಿ ಎಂದಳು. ಅದಕ್ಕೆ ಉಪಕಾರವನ್ನೂ ಹೇಳಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಇಪ್ಪತ್ತೊಂಬತ್ತಕ್ಕೆ ಅವಳೂ ನಾನೂ ಒಂದೇ ಬಸ್ಸಿಗೆ ದುಬಲಗುಂಡಿಗೆ ಹೋದೆವು. ಬಿಳಿ ಸೀರೆಯಲ್ಲಿ ಆಮ್ರಪಾಲಿ ಕಳೆಕಳೆಯಾಗಿದ್ದಳು. ಬುದ್ಧವಂದನೆ ಆಗಿ, ಗಂಡು ಹೆಣ್ಣು ಹಾರ ಹಾಕುವುದಕ್ಕೆ ಮೊದಲು ನಾನು ಎದ್ದು ನಿಂತೆ. ನನ್ನ ದನಿ ನನಗೇ ಕೇಳುವುದಿಲ್ಲವಲ್ಲ, ಬಹಳ ಜೋರಾಗಿಯೇ ಹೇಳಿರಬೇಕು. ನರಸಿಂಗನ ಬೀಜ ಬಂಗಾರದಂಥದ್ದು, ಕೆಡಿಸಿದ್ದು ನನ್ನ ದೀಪ, ಬೀಜ ಕೆಟ್ಟದ್ದು ಎಂದು ಅವನ ತಂಗಿಗೆ ಹೇಳಿದವಳೂ ನಾನೇ ಎಂದೆ. ನರಸಿಂಗ ಮಂದಿಯನ್ನು ಸರಿಸಿಕೊಂಡು ಬಂದು ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡ. ಇಬ್ಬರೂ ಏನೋ ಹೇಳುತ್ತಿದ್ದರು, ನನಗೆ ಕೇಳಲಿಲ್ಲ. ಹುಡುಗಿ ಸೋದರತ್ತೆಯ ಕೈ ಹಿಡಿದುಕೊಂಡೇ ಹಾರ ಹಾಕಿದಳು.

ಇಲ್ಲಿಗೆ ಮುಗಿದಿದ್ದರೆ ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ. ಊಟದ ಹೊತ್ತಿಗೆ ನರಸಿಂಗ ನನ್ನನ್ನು ಬೀಗರ ಪಂಕ್ತಿಯಲ್ಲಿ ಮೊದಲು ಕೂಡಿಸಿದ. ಇಷ್ಟು ದೂರ ಬಂದು ತಮ್ಮ ತಪ್ಪು ತಾವೇ ಹೇಳಿಕೊಳ್ಳುವ ದೊಡ್ಡ ಮನಸ್ಸು ಯಾರಿಗಿದೆ ಎಂದು ಎಲ್ಲರಿಗೂ ಹೇಳಿದನಂತೆ. ಹೇಳಿದನಂತೆ ಎಂದು ನನಗೆ ತಿಳಿಸಿದವನು ಅಜೀತ. ಗದ್ದಲದಲ್ಲಿ ನನಗೆ ಕೇಳುವುದಿಲ್ಲವೆಂದು ನನ್ನ ಪಕ್ಕವೇ ಮಂಡಿಯೂರಿ ಕೂತು, ಯಾರು ಏನು ಅಂದರು ಎಂಬುದನ್ನೆಲ್ಲ ಕಿವಿಯಲ್ಲಿ ಹೇಳುತ್ತಿದ್ದ. "ನೀವು ಬಂದು ಹೇಳಿದ್ದಕ್ಕ ನಮ್ಮ ಅವ್ವಗ ತವರು ತಿರುಗಿ ಸಿಕ್ತರಿ ಅಕ್ಕೋರೆ. ಶಾಲ್ಯಾಗ ಖರೇ ಹೇಳ್ಬೇಕು ಅಂತ ಹೇಳ್ಕೊಟ್ಟಿದ್ರಿ, ಇವತ್ತ ಮಾಡಿ ತೋರಿಸಿದ್ರಿ" ಎಂದ.

ನಿನ್ನನ್ನೇ ಕಳ್ಳ ಎಂದುಕೊಂಡಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು ಗುರು. ಎದುರಿನ ಕಂಬಕ್ಕೆ ಒರಗಿ ಸುಂದರಬಾಯಿ ನನ್ನನ್ನೇ ನೋಡುತ್ತಿದ್ದಳು. ಅಜೀತ ನನ್ನ ಎಲೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿ, ಮೇಲೆ ತುಪ್ಪ ಹಾಕಿ, ಉಣ್ರಿ ಅಕ್ಕೋರೆ ಎಂದ. ಅವನ ಮುಖ ನೋಡಿ ನಕ್ಕೆ. ಉಂಡೆ.

ಅಕ್ಕ